ಚಳಿಜ್ವರಕ್ಕೆ ಪೆರುವಿನ ತೊಗಟೆ: 1649ರ ರೋಮ್ ಹಾಳೆಯ ಅಳತೆ ಸಾಕಾಗುತ್ತಿತ್ತೇ? (ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹಳೆಪುಟ

1649ರಲ್ಲಿ ರೋಮಿನಲ್ಲಿ ಅಚ್ಚಾದ ‘ಸ್ಕೆಡುಲಾ ರೊಮಾನಾ’ ಎಂಬ ಒಂದೇ ಹಾಳೆಯ ಸೂಚನಾಪತ್ರ ಇದೆ. ಪೆರುವಿನಿಂದ ಬಂದ ತೊಗಟೆಯನ್ನು, ಅಂದರೆ ಈಗ ನಾವು ಸಿಂಕೋನಾ ಅನ್ನುವುದನ್ನು, ಪಾಳಿ ಜ್ವರಕ್ಕೆ, ಅಂದರೆ ಬಿಟ್ಟು ಬಿಟ್ಟು ಗೊತ್ತಾದ ಹೊತ್ತಿಗೆ ಬರುವ ಮಲೇರಿಯಾದಂಥ ಜ್ವರಕ್ಕೆ, ಕೊಡುವ ಕ್ರಮ ಅದರಲ್ಲಿದೆ. ಸಾರಾಂಶ ಇಷ್ಟು: ತೊಗಟೆಯನ್ನು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಬೇಕು. ಜ್ವರ ಬರುವ ಹೊತ್ತಿಗೆ ಸುಮಾರು ಮೂರು ಗಂಟೆ ಮುಂಚೆ ಎರಡು ಡ್ರಾಮ್ ಪುಡಿಯನ್ನು ಒಂದು ಲೋಟ ಖಡಕ್ ಬಿಳಿ ವೈನಿನಲ್ಲಿ ನೆನೆಹಾಕಬೇಕು. ಚಳಿ ಹಿಡಿಯುವ ಸುಳಿವು ಸಿಕ್ಕ ಕೂಡಲೇ ಚರಟ ಸಮೇತ ಕುಡಿಸಿ ಮಲಗಿಸಬೇಕು.

ಮೂರು ಪ್ರಶ್ನೆ. ಎರಡು ಡ್ರಾಮ್ ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟು? ಅಷ್ಟರಲ್ಲಿ ಮಲೇರಿಯಾ ನಿಲ್ಲುತ್ತಿತ್ತೇ? ನಿಲ್ಲುತ್ತಿತ್ತು ಅಂತಾದರೆ 1652ರಲ್ಲಿ ಬ್ರಸೆಲ್ಸ್‌ನ ಆರ್ಚ್‌ಡ್ಯೂಕ್ ಲಿಯೋಪೋಲ್ಡ್ ವಿಲ್‌ಹೆಲ್ಮ್‌ಗೆ ಈ ಪುಡಿಯಿಂದ ನಿಂತ ಜ್ವರ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಂದದ್ದು ಯಾಕೆ? ಅವನ ವೈದ್ಯ ಶಿಫ್ಲೆ ಅದೇ ಕಾರಣಕ್ಕೆ 1653ರಲ್ಲಿ ಈ ಪುಡಿಯ ವಿರುದ್ಧ ಪುಸ್ತಕವನ್ನೇ ಬರೆದ.

ತೊಲಭಾರ

ಮೊದಲನೆಯದಕ್ಕೆ ಉತ್ತರ ಸುಲಭ, ಒಂದು ತೊಡಕು ಬಿಟ್ಟರೆ. ಇಂಗ್ಲೆಂಡಿನ ಔಷಧ ತೂಕದಲ್ಲಿ 20 ಗ್ರೇನ್ ಒಂದು ಸ್ಕ್ರೂಪಲ್, 3 ಸ್ಕ್ರೂಪಲ್ ಒಂದು ಡ್ರಾಮ್, 8 ಡ್ರಾಮ್ ಒಂದು ಔನ್ಸ್, 12 ಔನ್ಸ್ ಒಂದು ಪೌಂಡ್. ಗ್ರೇನ್ 64.8 ಮಿಲಿಗ್ರಾಂ. ಹಾಗಾಗಿ ಡ್ರಾಮ್ 3.9 ಗ್ರಾಂ, ಔನ್ಸ್ 31.1 ಗ್ರಾಂ, ಪೌಂಡ್ 373 ಗ್ರಾಂ. ಕಿರಾಣಿ ಪೌಂಡಿಗೆ 16 ಔನ್ಸ್, ಅದರ ಔನ್ಸ್ ಬೇರೆ. ಹಳೆಯ ಔಷಧ ಯೋಗಗಳನ್ನು ಲೆಕ್ಕ ಹಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ನಮ್ಮವರಿಗೆ ನೆನಪಿಡಲು ಒಂದು ಉಪಾಯ: ಬ್ರಿಟಿಷರು ನಿಗದಿ ಮಾಡಿದ ತೊಲ 180 ಗ್ರೇನ್. ಡ್ರಾಮ್ 60 ಗ್ರೇನ್. ಅಂದರೆ ಮೂರು ಡ್ರಾಮಿಗೆ ಸರಿಯಾಗಿ ಒಂದು ತೊಲ.

ತೊಡಕು ಏನೆಂದರೆ ರೋಮಿನ ಔನ್ಸ್ ಸ್ವಲ್ಪ ಹಗುರ, 28 ಗ್ರಾಂ ಆಸುಪಾಸು. ಆ ಲೆಕ್ಕದಲ್ಲಿ ಎರಡು ಡ್ರಾಮ್ ಸುಮಾರು 7 ಗ್ರಾಂ. ಇಂಗ್ಲಿಷ್ ತೂಕದಲ್ಲಿ ಓದಿದರೆ 7.8. ಇಲ್ಲಿ ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತೊಗಟೆಯ ಗುಣದಲ್ಲಿರುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ರಕ್ತಲೇಪನ

ಎರಡನೇ ಪ್ರಶ್ನೆ ಹಿಡಿಯುತ್ತೇನೆ.

ತೊಗಟೆಯಲ್ಲಿ ಕ್ವಿನೀನ್, ಅಂದರೆ ಮಲೇರಿಯಾ ಮೇಲೆ ಕೆಲಸ ಮಾಡುವ ಕಹಿಸತ್ವ, ಎಷ್ಟಿರುತ್ತದೆ ಅನ್ನುವುದು ಜಾತಿ, ಮರದ ವಯಸ್ಸು, ಎಲ್ಲಿಂದ ಸುಲಿದದ್ದು ಅನ್ನುವುದರ ಮೇಲೆ ನಿಂತಿದೆ. ಕಾಡು ತೊಗಟೆಗೆ ನೂರಕ್ಕೆ 2 ಅಂತ ಹಿಡಿಯೋಣ. 7 ಗ್ರಾಂ ಪುಡಿಗೆ 140 ಮಿಲಿಗ್ರಾಂ ಆಯಿತು. ಉದಾರವಾಗಿ 3 ಅಂತ ಹಿಡಿದರೂ 210. ಅದೂ ಹೊಟ್ಟೆಯೊಳಗೆ ಪೂರ್ತಿ ಬಿಟ್ಟುಕೊಂಡರೆ ಮಾತ್ರ. ಈಗಿನ ವೈದ್ಯದಲ್ಲಿ ಕ್ವಿನೀನ್ ಲವಣವನ್ನು ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ಎಂಟೆಂಟು ಗಂಟೆಗೆ, ಏಳು ದಿನ ಕೊಡುವ ಕ್ರಮವಿದೆ. 60 ಕಿಲೋ ಆಳಿಗೆ 600 ಮಿಲಿಗ್ರಾಂ, 21 ಸಲ, ಒಟ್ಟು 12.6 ಗ್ರಾಂ. ಅದು ಮಾರಕ ಫಾಲ್ಸಿಪಾರಂ ಮಲೇರಿಯಾವನ್ನು ಲೆಕ್ಕಕ್ಕಿಟ್ಟುಕೊಂಡ ಪ್ರಮಾಣ, ದಿನ ಬಿಟ್ಟು ದಿನ ಬರುವ ವೈವಾಕ್ಸ್ ಜ್ವರ ಅದಕ್ಕಿಂತ ಕಡಿಮೆಗೂ ತಗ್ಗುತ್ತದೆ. ಆದರೂ ರೋಮ್ ಹಾಳೆಯ ಒಂದು ಗುಟುಕು ಎಲ್ಲಿ, ಇದೆಲ್ಲಿ!

ಪ್ರಮಾಣಕ್ಕಿಂತ ಹೊತ್ತಿನ ತಪ್ಪು ದೊಡ್ಡದು. ರಕ್ತಕಣದೊಳಗೆ ಬೆಳೆದ ಪರಾವಲಂಬಿ ಕಣವನ್ನು ಒಡೆದು ಹೊರಬಂದಾಗ ಚಳಿ ಹಿಡಿಯುತ್ತದೆ. ದಿನ ಬಿಟ್ಟು ದಿನ ಬರುವ ಜ್ವರದಲ್ಲಿ ಈ ಸುತ್ತು 48 ಗಂಟೆಯದು, ಎರಡು ದಿನ ಬಿಟ್ಟು ಬರುವುದರಲ್ಲಿ 72 ಗಂಟೆಯದು. ಕ್ವಿನೀನ್ ಹೆಚ್ಚು ಹೊಡೆಯುವುದು ಕಣದೊಳಗೆ ಅರ್ಧ ಬೆಳೆದು ಮೇಯುತ್ತಿರುವ ಹಂತವನ್ನು. ಚಳಿ ಶುರುವಾದಾಗ ಕುಡಿಸಿದರೆ ಒಂದು ತಂಡ ಆಗಲೇ ಒಡೆದು ಹೊರಬಿದ್ದಿರುತ್ತದೆ, ಹೊಸ ಕಣ ಹೊಕ್ಕದ್ದು ಇನ್ನೂ ಎಳೆಯದು. ಆ ಎಳೆಯದು ಬಲಿಯಲು ಒಂದು ದಿನ ಬೇಕು. ಅಷ್ಟರೊಳಗೆ ಒಂದೇ ಗುಟುಕಿನ ಮದ್ದು ರಕ್ತದಲ್ಲಿ ಕಾಲುಭಾಗಕ್ಕೆ ಇಳಿದಿರುತ್ತದೆ. ಸಾಲದ್ದಕ್ಕೆ ಚಳಿ ಹಿಡಿದವನು ವಾಂತಿ ಮಾಡಿಕೊಳ್ಳುವ ಸಂಭವ ಬೇರೆ.

ಹಳೆಪುಟ

ಹಾಗಾದರೆ ಆ ಹಾಳೆಯ ಕ್ರಮದಲ್ಲಿ ಯಾರಿಗೂ ಗುಣವಾಗಬಾರದಿತ್ತಲ್ಲ? ಆಗಿದೆಯಲ್ಲ!

ರಕ್ತಲೇಪನ

ಪಾಳಿ ತಪ್ಪುತ್ತಿತ್ತು, ರೋಗ ಹೋಗುತ್ತಿರಲಿಲ್ಲ. ಇವೆರಡೂ ಬೇರೆ. ಪರಾವಲಂಬಿಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಸಾಕು, ಜ್ವರ ಕಾಣುವುದಿಲ್ಲ. ಉಳಿದದ್ದು ನಿಧಾನವಾಗಿ ಬೆಳೆದು ಮತ್ತೆ ಆ ಮಟ್ಟ ಮುಟ್ಟಲು ಕೆಲವು ವಾರ ಹಿಡಿಯುತ್ತದೆ. ಆರ್ಚ್‌ಡ್ಯೂಕನಿಗೆ ಇದ್ದದ್ದು ಎರಡು ದಿನ ಬಿಟ್ಟು ಬರುವ ಜ್ವರ. ಅದನ್ನು ತರುವ ‘ಮಲೇರಿಯೆ’ ಎಂಬ ಪರಾವಲಂಬಿ ಜಾತಿ ಯಕೃತ್ತಿನಲ್ಲಿ ಅಡಗಿ ಕೂರುವುದಿಲ್ಲ, ರಕ್ತದಲ್ಲೇ ತೀರಾ ಕಡಿಮೆ ಸಂಖ್ಯೆಯಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಅಂದಮೇಲೆ ಅವನ ಪ್ರಕರಣ ಮದ್ದು ಸಾಲದೆ ಹೋದದ್ದು. ತೊಗಟೆಯಲ್ಲೇ ಸತ್ವವಿಲ್ಲ ಅನ್ನುವುದಕ್ಕೆ ಶಿಫ್ಲೆ ಅದನ್ನು ಸಾಕ್ಷಿ ಮಾಡಿಕೊಂಡ. ಎರಡನೇ ಸಲ ಕುಡಿಯಲು ರೋಗಿಯೂ ಒಪ್ಪಲಿಲ್ಲ.

ಕಲ್ಬತ್ತು

ತಯಾರಿಯ ಬಗ್ಗೆ ಯಾರೂ ಬರೆದಿಲ್ಲ. ಪುಡಿ, ವೈನು ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟರೆ ಅರ್ಧ ವಿಷಯ ಬಿಟ್ಟಂತೆ.

ತೊಗಟೆ ಒಣಗಿದಾಗ ಸುರುಳಿ ಸುತ್ತಿಕೊಳ್ಳುತ್ತದೆ, ದಾಲ್ಚಿನ್ನಿ ಕಡ್ಡಿಯ ಹಾಗೆ. ಹೊರಮೈ ಬೂದು, ಅಲ್ಲಲ್ಲಿ ಕಲ್ಲುಹೂ ಅಂಟಿರುತ್ತದೆ. ಒಳಮೈ ದಾಲ್ಚಿನ್ನಿ ಬಣ್ಣ. ಕುಟ್ಟುವ ಮುಂಚೆ ಚೆನ್ನಾಗಿ ಒಣಗಿರಬೇಕು. ತೇವ ಉಳಿದರೆ ನಾರುನಾರಾಗಿ ಕಲ್ಬತ್ತಿಗೆ ಮೆತ್ತಿಕೊಳ್ಳುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ನಮ್ಮ ಪಂಡಿತರು ವಸ್ತ್ರಗಾಳಿತ ಚೂರ್ಣ ಅನ್ನುತ್ತಾರಲ್ಲ, ಆ ನಯಕ್ಕೆ ಬರಬೇಕು. ದಪ್ಪ ಪುಡಿ ಮರದ ಹೊಟ್ಟಿನಂತೆ ಹೊಟ್ಟೆ ಸೇರಿ ಹಾಗೇ ಹೊರಗೆ ಹೋಗುತ್ತದೆ, ಸತ್ವ ಬಿಡುವುದಿಲ್ಲ. ಗಂಟಲಿಗೂ ಹಿಡಿಯುತ್ತದೆ.

ವೈನೇ ಯಾಕೆ? ಕ್ವಿನೀನ್ ಬರೀ ನೀರಿನಲ್ಲಿ ಕರಗುವುದು ಅತ್ಯಲ್ಪ. ಹುಳಿ ಸಿಕ್ಕರೆ ಲವಣವಾಗಿ ಕರಗುತ್ತದೆ. ಮದ್ಯಸಾರದಲ್ಲೂ ಕರಗುತ್ತದೆ. ವೈನಿನಲ್ಲಿ ಎರಡೂ ಇವೆ. ಅವರು ‘ಖಡಕ್ ವೈನ್’ ಅಂದದ್ದು ರೋಗಿಗೆ ಬಲ ಬರಲಿ ಅಂತ ಇರಬಹುದು, ಆದರೆ ಕೆಲಸ ಮಾಡಿದ್ದು ರಸಾಯನ.

ಕಷಾಯ ಕಾಸಿದರೆ ಏನಾಗುತ್ತದೆ? ಬಿಸಿ ಇದ್ದಾಗ ತಿಳಿ ಇರುತ್ತದೆ, ಆರಿದ ಮೇಲೆ ಕದಡುತ್ತದೆ. ತೊಗಟೆಯ ಒಗರು, ಅಂದರೆ ಟ್ಯಾನಿನ್, ಕಹಿಸತ್ವದ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಆರಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಟ್ಟರೆ ಮದ್ದು ಪಾತ್ರೆಯಲ್ಲೇ ಉಳಿಯಿತು ಅಂತ ಅರ್ಥ. ಬಿಸಿಯಿದ್ದಾಗಲೇ ಸೋಸಬೇಕು, ಕೊಡುವಾಗ ಕಲಕಿ ಕೊಡಬೇಕು, ಇಲ್ಲವೇ ನಿಂಬೆಹುಳಿ ಬೀಳಬೇಕು. ಕಬ್ಬಿಣದ ಪಾತ್ರೆಯಂತೂ ಬೇಡವೇ ಬೇಡ, ಟ್ಯಾನಿನ್ ಕಬ್ಬಿಣ ಸೇರಿದರೆ ಶಾಯಿ ಆಗುತ್ತದೆ, ಕಷಾಯ ಹಸಿರುಗಪ್ಪಾಗುತ್ತದೆ.

ಇಷ್ಟು ಗೊತ್ತಿದ್ದರೆ ‘ಚರಟ ಸಮೇತ ಕುಡಿಸಿ’ ಅನ್ನುವ ಮಾತು ಎಷ್ಟು ಸರಿ ಅಂತ ತಿಳಿಯುತ್ತದೆ. ಮೂರು ಗಂಟೆಯಲ್ಲಿ ವೈನಿಗೆ ಬಿಟ್ಟುಕೊಂಡದ್ದು ಸ್ವಲ್ಪ, ಉಳಿದದ್ದು ಚರಟದಲ್ಲಿ. ಹೊಟ್ಟೆಯ ಆಮ್ಲ ಅದನ್ನು ಬಿಡಿಸುತ್ತದೆ.

ತೆಂಕಣಗಾಳಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗೋವಾದಲ್ಲಿ 1563ರಲ್ಲೇ ಅಚ್ಚಾದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲಿ ‘ಚೀನಾ’ ಎಂಬ ಮದ್ದು ಬರುತ್ತದೆ. ರೋಮ್ ಹಾಳೆಯಲ್ಲೂ ಈ ತೊಗಟೆಗೆ ‘ಚೀನಾ’ ಅಂತಲೇ ಕರೆದಿದ್ದಾರೆ. ಹಾಗಾದರೆ ರೋಮಿಗಿಂತ 80 ವರ್ಷ ಮುಂಚೆಯೇ ನಮ್ಮ ಕರಾವಳಿಗೆ ಸಿಂಕೋನಾ ಬಂದಿತ್ತು ಅಂತಾಯಿತಲ್ಲ?

ತೊಲಭಾರ

ಇಲ್ಲ. ಹೆಸರೊಂದು, ವಸ್ತು ಎರಡು. ಓರ್ತಾ ಹೇಳುವುದು ಚೀನಾ ಬೇರನ್ನು, ಚೀನಾ ದೇಶದಿಂದ ಬರುತ್ತಿದ್ದ ಒಂದು ಮುಳ್ಳುಬಳ್ಳಿಯ ಗಡ್ಡೆಯನ್ನು. ಕನ್ನಡದ ಪಂಡಿತರ ಬಾಯಲ್ಲಿ ಪರಂಗಿ ಚಕ್ಕೆ, ಹಿಂದಿಯಲ್ಲಿ ಚೋಪಚೀನಿ. ಅದನ್ನು ಕೊಡುತ್ತಿದ್ದದ್ದು ಪರಂಗಿ ಹುಣ್ಣಿಗೆ, ಅಂದರೆ ಸಿಫಿಲಿಸ್‌ಗೆ. ಗೋವಾಕ್ಕೆ ಅದು 1535ರ ಹೊತ್ತಿಗೆ ಬಂತು ಅಂತ ಓರ್ತಾನೇ ಬರೆದಿದ್ದಾನೆ.

ಪೆರುವಿನ ತೊಗಟೆಯ ‘ಚೀನಾ’ ಬಂದದ್ದು ‘ಕ್ವಿನಾ’ ಎಂಬ ಮಾತಿನಿಂದ. ಅದರಲ್ಲೂ ಮತ್ತೊಂದು ಗಂಟಿದೆ: ‘ಕ್ವಿನಾ ಕ್ವಿನಾ’ ಅನ್ನುವ ಹೆಸರು ಮೊದಲಿಗೆ ಪೆರು ಬಾಲ್ಸಂ ಮರದ್ದಾಗಿತ್ತು. ಆ ಮರದ ತೊಗಟೆಯೂ ಜ್ವರದ ಮದ್ದು ಅಂತ ಮಾರಾಟವಾಗುತ್ತಿತ್ತು, ಅದರಲ್ಲಿ ಕ್ವಿನೀನ್ ಇಲ್ಲ. ಹಾಗಾಗಿ ಹಳೆಯ ಪುಸ್ತಕದಲ್ಲಿ ‘ಚೀನಾ’ ಕಂಡರೆ ಮೊದಲು ನೋಡಬೇಕಾದ್ದು ಬೇರೋ ತೊಗಟೆಯೋ, ಕೊಟ್ಟದ್ದು ಹುಣ್ಣಿಗೋ ಜ್ವರಕ್ಕೋ ಅಂತ. ಬೇರಾದರೆ ಔನ್ಸ್‌ಗಟ್ಟಲೆ ನೀರಿನಲ್ಲಿ ಕಾಸಿ ವಾರಗಟ್ಟಲೆ ಪಥ್ಯದ ಜೊತೆ ಕುಡಿಸುತ್ತಾರೆ. ತೊಗಟೆಯಾದರೆ ಡ್ರಾಮ್ ಲೆಕ್ಕ.

ತೆಂಕಣಗಾಳಿ

ಸರಿ, ಒಪ್ಪಿದೆ. ಪರಂಗಿ ಚಕ್ಕೆ ಅಂದಕೂಡಲೇ ಅರ್ಥವಾಯಿತು.

ನಾಡಿಮಿಡಿತ

ಶಿಫ್ಲೆಯನ್ನು ಮೂರ್ಖ ಅಂತ ಬರೆದು ಮುಗಿಸಬೇಡಿ. ಅವನ ತರ್ಕ ಆ ಕಾಲದ ಶಾಸ್ತ್ರದೊಳಗೆ ನೇರವಾಗಿಯೇ ಇತ್ತು. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಪರಂಪರೆಯಲ್ಲಿ ದೇಹಕ್ಕೆ ನಾಲ್ಕು ರಸ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ದಿನ ಬಿಟ್ಟು ಬರುವ ಜ್ವರಕ್ಕೆ ಹಳದಿ ಪಿತ್ತ ಕಾರಣ, ಎರಡು ದಿನ ಬಿಟ್ಟು ಬರುವುದಕ್ಕೆ ಕಪ್ಪು ಪಿತ್ತ. ಕೊಳೆತ ರಸ ಹೊರಗೆ ಹೋಗಲೇಬೇಕು. ವಾಂತಿ, ಭೇದಿ, ಬೆವರು, ಮೂತ್ರ, ಇಲ್ಲವೇ ರಕ್ತ ತೆಗೆಯುವುದು. ಈ ತೊಗಟೆ ಕುಡಿದರೆ ಯಾವುದೂ ಹೊರಗೆ ಬರುವುದಿಲ್ಲ, ಆದರೂ ಜ್ವರ ನಿಲ್ಲುತ್ತದೆ! ವೈದ್ಯನಿಗೆ ಹೆದರಿಕೆ ಆಗದೆ ಇದ್ದೀತೆ? ದೋಷವನ್ನು ಒಳಗೇ ಕಟ್ಟಿಹಾಕಿತು, ನಾಳೆ ಬೇರೆ ದಾರಿಯಲ್ಲಿ ಹೊರಡುತ್ತದೆ ಅಂದುಕೊಂಡ. ತಿಂಗಳ ಮೇಲೆ ಜ್ವರ ಮರಳಿದಾಗ ಅವನ ಮಾತೇ ನಿಜವಾದಂತೆ ಕಂಡಿತು.

ಸಾಮಾನ್ಯವಾಗಿ ಮಾಡುತ್ತಿದ್ದದ್ದು ರಾಜಿ. ಮೊದಲು ರಕ್ತ ತೆಗೆದು, ಭೇದಿಗೆ ಕೊಟ್ಟು, ಆಮೇಲೆ ತೊಗಟೆ. ಕೆಲವರು ತೊಗಟೆಯಾದ ಮೇಲೂ ಭೇದಿಗೆ ಕೊಡುತ್ತಿದ್ದರು. ಲಂಡನ್ನಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಹಾಗೆ ಮಾಡಬೇಡಿ, ಜ್ವರ ಮರಳುತ್ತದೆ ಅಂತ ಎಚ್ಚರಿಸಿದ.

ಒಂದು ಕುತೂಹಲ: ನಮ್ಮ ಆಯುರ್ವೇದದ ವಿಷಮಜ್ವರದಲ್ಲಿ ಅನ್ಯೇದ್ಯುಷ್ಕ ದಿನಕ್ಕೊಮ್ಮೆ, ತೃತೀಯಕ ದಿನ ಬಿಟ್ಟು ದಿನ, ಚತುರ್ಥಕ ಎರಡು ದಿನ ಬಿಟ್ಟು. ಲ್ಯಾಟಿನ್‌ನಲ್ಲೂ ಹಾಗೇ, ಟರ್ಷಿಯನ್ ಅಂದರೆ ಮೂರನೆಯದು, ಕ್ವಾರ್ಟನ್ ಅಂದರೆ ನಾಲ್ಕನೆಯದು. ಎರಡೂ ಕಡೆ ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸಿದ್ದಾರೆ. ಇದು ಗೊತ್ತಿಲ್ಲದವರು ಕ್ವಾರ್ಟನ್ ಅನ್ನು ‘ನಾಲ್ಕು ದಿನಕ್ಕೊಮ್ಮೆ ಬರುವ ಜ್ವರ’ ಅಂತ ಅನುವಾದಿಸುತ್ತಾರೆ. 96 ಗಂಟೆಯ ಸುತ್ತು ಮನುಷ್ಯರ ಮಲೇರಿಯಾದಲ್ಲಿ ಇಲ್ಲ.

ಕಲ್ಬತ್ತು

ಸಿಡೆನ್‌ಹ್ಯಾಮ್ ಹೆಸರು ಬಂತಲ್ಲ, ಅವನ ಕ್ರಮ ಬರೆಯುತ್ತೇನೆ. ರೋಮ್ ಹಾಳೆಯ ಪಕ್ಕದಲ್ಲಿಟ್ಟು ನೋಡಿ.

ನುಣ್ಣಗಿನ ತೊಗಟೆ ಪುಡಿ 1 ಔನ್ಸ್. ಅದು ಮುದ್ದೆಯಾಗಲು ಬೇಕಾದಷ್ಟು ಲವಂಗದ ಅಥವಾ ಗುಲಾಬಿಯ ಪಾಕ. ಲೇಹ್ಯದ ಹದಕ್ಕೆ ಕಲಸಿ 12 ಭಾಗ ಮಾಡಬೇಕು. ಜ್ವರದ ಪಾಳಿ ಇಳಿದ ಕೂಡಲೇ ಮೊದಲ ಭಾಗ, ಆಮೇಲೆ ನಾಲ್ಕು ನಾಲ್ಕು ಗಂಟೆಗೆ ಒಂದೊಂದು, ಪ್ರತಿಸಲ ಮೇಲೊಂದು ಗುಟುಕು ವೈನ್. ಪುಡಿಯಿಂದ ಭೇದಿ ಶುರುವಾದರೆ ವೈನಿಗೆ ಕೆಲವು ಹನಿ ಲಾಡನಂ ಸೇರಿಸಬೇಕು. ಮುಗಿದ ಮೇಲೆ ಎಂಟನೇ ದಿನಕ್ಕೆ ಮತ್ತೆ ಅಷ್ಟೇ ಔನ್ಸು, ಅದೇ ಕ್ರಮದಲ್ಲಿ.

ಪಾಕದ ಹದ ತಪ್ಪಿದರೆ ತೊಂದರೆ. ತೆಳುವಾದರೆ ಪುಡಿ ತಳಕ್ಕೆ ಇಳಿದು ಕೊನೆಯ ಭಾಗಗಳಲ್ಲೇ ಮದ್ದೆಲ್ಲ ಸೇರುತ್ತದೆ, ಮೊದಲ ಭಾಗಗಳು ಬರೀ ಸಿಹಿ. ಗಟ್ಟಿಯಾದರೆ ಮರುದಿನಕ್ಕೆ ಕಲ್ಲು. ಉಂಡೆ ಕಟ್ಟಿದರೆ ಬೆರಳಿಗೆ ಅಂಟದೆ ನಿಲ್ಲಬೇಕು.

ಲಾಡನಂ ಅಂದದ್ದಕ್ಕೆ ಯಾರಾದರೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಅವನದೇ ಯೋಗ: ಒಂದು ಪೈಂಟ್ ಶೆರಿ ವೈನಿಗೆ 2 ಔನ್ಸ್ ಅಫೀಮು, 1 ಔನ್ಸ್ ಕೇಸರಿ, ದಾಲ್ಚಿನ್ನಿ ಮತ್ತು ಲವಂಗದ ಪುಡಿ ಒಂದೊಂದು ಡ್ರಾಮ್. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಎರಡು ಮೂರು ದಿನ ಹದಕ್ಕೆ ಬರಿಸುವುದು. ಅಫೀಮು ಕರುಳಿನ ಓಟ ತಡೆಯುತ್ತದೆ, ಹಾಗಾಗಿ ತೊಗಟೆ ಒಳಗೆ ಉಳಿಯುತ್ತದೆ. ಕೇಸರಿ ಅಷ್ಟೊಂದು ಯಾಕೆ ಅಂತ ಕೇಳಬೇಡಿ, ಬಣ್ಣಕ್ಕೂ ದುಡ್ಡಿಗೂ.

ರಕ್ತಲೇಪನ

ಇದನ್ನೇ ಕಾಯುತ್ತಿದ್ದೆ. 12 ಭಾಗ, ನಾಲ್ಕು ಗಂಟೆಗೊಂದು. ಒಟ್ಟು 48 ಗಂಟೆ! ದಿನ ಬಿಟ್ಟು ಬರುವ ಜ್ವರದ ಒಂದು ಪೂರ್ಣ ಸುತ್ತಿನ ಉದ್ದಕ್ಕೂ ರಕ್ತದಲ್ಲಿ ಮದ್ದು ಇಳಿಯದಂತೆ ಹಿಡಿದಂತಾಯಿತು. ಎಳೆಯ ಪರಾವಲಂಬಿ ಯಾವ ಗಂಟೆಯಲ್ಲಿ ಬಲಿತರೂ ಅಲ್ಲಿ ಕ್ವಿನೀನ್ ಕಾದಿರುತ್ತದೆ. ಪರಾವಲಂಬಿ ಅನ್ನುವ ಕಲ್ಪನೆಯೇ ಇಲ್ಲದ ಕಾಲದಲ್ಲಿ ಬರೀ ಹಾಸಿಗೆ ಪಕ್ಕ ಕೂತು ನೋಡಿ ಕಂಡುಕೊಂಡದ್ದು.

ಒಟ್ಟು ಪ್ರಮಾಣ: 31 ಗ್ರಾಂಗೆ ನೂರಕ್ಕೆ 2ರಂತೆ 620 ಮಿಲಿಗ್ರಾಂ. ಈಗಿನ ಒಂದು ದಿನದ ಪ್ರಮಾಣಕ್ಕೂ ಕಡಿಮೆ. ಆದರೆ ತೊಗಟೆಯಲ್ಲಿ ಕ್ವಿನೀನ್ ಒಂದೇ ಇಲ್ಲ. ಕ್ವಿನಿಡೀನ್, ಸಿಂಕೋನೀನ್, ಸಿಂಕೋನಿಡೀನ್ ಕೂಡ ಜ್ವರದ ಮೇಲೆ ಕೆಲಸ ಮಾಡುತ್ತವೆ. ಅವನ್ನೂ ಸೇರಿಸಿದರೆ ಲೆಕ್ಕ ಇನ್ನಷ್ಟು ಮೇಲೇರುತ್ತದೆ.

ಎರಡು ದಿನ ಬಿಟ್ಟು ಬರುವ ಜ್ವರದ ಸುತ್ತು 72 ಗಂಟೆ. 48 ಗಂಟೆಯ ಕ್ರಮಕ್ಕೆ ಅದು ಪೂರ್ತಿ ಸಿಕ್ಕುವುದಿಲ್ಲ. ಎಂಟನೇ ದಿನದ ಮರುಮದ್ದು ಅಲ್ಲಿ ಹೆಚ್ಚು ಮುಖ್ಯ. ಆರ್ಚ್‌ಡ್ಯೂಕನಿಗೆ ತಪ್ಪಿದ್ದು ಇದೇ.

ಹಳೆಪುಟ

ಟಾಲ್ಬರ್ ಎಂಬಾತನ ಗುಟ್ಟಿನ ಮದ್ದು ಕೂಡ ಇದೇ ತೊಗಟೆಯಲ್ಲವೇ? ಇಂಗ್ಲೆಂಡಿನ ರಾಜನಿಗೂ ಫ್ರಾನ್ಸಿನ ಯುವರಾಜನಿಗೂ ಕೊಟ್ಟದ್ದು?

ನಾಡಿಮಿಡಿತ

ಅವನೇ. ರಾಬರ್ಟ್ ಟಾಲ್ಬರ್. ಔಷಧ ಅಂಗಡಿಯಲ್ಲಿ ಪಳಗಿ, ಆಮೇಲೆ ಎಸೆಕ್ಸ್‌ನ ಜೌಗು ಕರಾವಳಿಗೆ ಹೋಗಿ ಕೂತ, ಚಳಿಜ್ವರ ಮನೆಮನೆಯಲ್ಲಿದ್ದ ಜಾಗ. 1672ರ ತನ್ನ ಪುಸ್ತಕದಲ್ಲಿ ‘ಜೆಸ್ಯೂಟರ ಪುಡಿ’ಯ ಬಗ್ಗೆ ಜನ ಹುಷಾರಾಗಿರಬೇಕು ಅಂತ ಬರೆದ. ತನ್ನ ಗುಟ್ಟಿನ ಮದ್ದಿನಲ್ಲಿ ಇದ್ದದ್ದು ಅದೇ ಪುಡಿ! ಪಾದ್ರಿಗಳ ಮೂಲಕ ಬಂದದ್ದು ಅಂತ ಪ್ರಾಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ಅದರ ಮೇಲೆ ಅನುಮಾನ ಇತ್ತು, ಅದನ್ನು ಚೆನ್ನಾಗಿ ಬಳಸಿಕೊಂಡ. 1678ರಲ್ಲಿ ಸರ್ ಪದವಿ. 1681ರಲ್ಲಿ ತೀರಿಕೊಂಡ. ಗುಟ್ಟನ್ನು ಮೊದಲೇ ಕೊಂಡಿದ್ದ 14ನೇ ಲೂಯಿ 1682ರಲ್ಲಿ ಅದನ್ನು ಅಚ್ಚು ಹಾಕಿಸಿದ. ತೊಗಟೆ, ವೈನು, ಗುಲಾಬಿ ಎಸಳು, ನಿಂಬೆರಸ.

ಕಲ್ಬತ್ತು

ಆ ನಿಂಬೆರಸ ರುಚಿಗೆ ಅಂತ ಎಲ್ಲರೂ ಬರೆಯುತ್ತಾರೆ. ಮೇಲೆ ಹೇಳಿದ್ದು ನೆನಪಿಸಿಕೊಳ್ಳಿ: ಹುಳಿ ಬಿದ್ದರೆ ಸತ್ವ ಹೆಚ್ಚು ಇಳಿಯುತ್ತದೆ, ಕದಡಿ ತಳಕ್ಕೆ ಕೂರುವುದೂ ಕಡಿಮೆ. ಅವನ ಮದ್ದು ಬೇರೆಯವರದಕ್ಕಿಂತ ಚೆನ್ನಾಗಿ ಹಿಡಿಯುತ್ತಿತ್ತು ಅನ್ನುವುದಕ್ಕೆ ಪ್ರಮಾಣದ ಜೊತೆಗೆ ಇದೂ ಕಾರಣ ಇದ್ದೀತು.

ಮೂಲಿಕೆಸಂತೆ

ತೊಗಟೆ ಅಸಲಿಯೋ ನಕಲಿಯೋ ಅನ್ನುವ ವಿಚಾರ ಬಿಟ್ಟುಹೋಗಿದೆ. ಲಂಡನ್ನಿನ ಅಧಿಕೃತ ಔಷಧ ಪಟ್ಟಿಗೆ ‘ಪೆರು ತೊಗಟೆ’ ಸೇರಿದ್ದು 1677ರಲ್ಲಿ. ಬೇಡಿಕೆ ಏರಿತು, ಮಾಲು ಸಾಲದು. ಚೆರ್ರಿ ಮರದ ತೊಗಟೆಯನ್ನು ಮುಸಬ್ಬರದ ದ್ರಾವಣದಲ್ಲಿ ನೆನೆಸಿ ಒಣಗಿಸಿ ಮಾರುತ್ತಿದ್ದರು. ಮುಸಬ್ಬರ ಅಂದರೆ ಲೋಳೆಸರದ ರಸ ಒಣಗಿಸಿದ ಕರಿ ಗಟ್ಟಿ, ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಈಗಲೂ ಸಿಗುವುದು.

ಗುರುತಿಸುವ ದಾರಿ ಹೀಗೆ. ಒಂದು ಚೂರು ಬಾಯಿಗೆ ಹಾಕಿ ಅಗಿಯಬೇಕು. ಅಸಲಿಯಲ್ಲಿ ಕಹಿಯೂ ಒಗರೂ ಒಟ್ಟಿಗೆ, ಅಗಿದಷ್ಟೂ ಕಹಿ ಏರುತ್ತಾ ಹೋಗುತ್ತದೆ, ಉಗುಳಿದ ಮೇಲೂ ನಾಲಿಗೆ ಬಿಡುವುದಿಲ್ಲ. ನಕಲಿಯಲ್ಲಿ ಕಹಿ ಮೇಲ್ಮೈಯದ್ದು, ಮೊದಲ ಅಗಿತಕ್ಕೇ ಬಾಯಿತುಂಬ, ನಾಲ್ಕನೇ ಅಗಿತಕ್ಕೆ ಬರೀ ಕಟ್ಟಿಗೆ. ಮುರಿದು ನೋಡಿದರೆ ಒಳಗಿನ ಬಣ್ಣ ಹೊರಗಿನಿಂದ ಇಳಿದಂತೆ ಪಟ್ಟಿಪಟ್ಟಿ ಇರುತ್ತದೆ. ಕೊನೆಯ ಪರೀಕ್ಷೆ ರೋಗಿಯ ಹೊಟ್ಟೆ: ಮುಸಬ್ಬರ ಜಬರ್ದಸ್ತ್ ಭೇದಿಮದ್ದು. ಪುಡಿಯಾಗಿ ಕೊಂಡವನಿಗೆ ಈ ಕೊನೆಯದು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಬುದ್ಧಿವಂತರು ಸುರುಳಿಯಾಗಿಯೇ ಕೊಂಡು ಮನೆಯಲ್ಲಿ ಕುಟ್ಟಿಸಬೇಕಿತ್ತು.

ಅಸಲಿ ಜಾತಿಗಳಲ್ಲೂ ಬಲ ಒಂದೇ ಅಲ್ಲ. ಲೋಹಾ ಪ್ರದೇಶದ್ದಕ್ಕೆ, ಈಗಿನ ಎಕ್ವಡಾರ್‌ನಲ್ಲಿದೆ, ಹೆಸರು ಹೆಚ್ಚು. ಫ್ರೆಂಚ್ ವಿಜ್ಞಾನಿ ಲಾ ಕೊಂದಮೀನ್ 1737ರಲ್ಲಿ ಅಲ್ಲಿಗೆ ಹೋಗಿ ಮರವನ್ನು ಕಣ್ಣಾರೆ ಕಂಡು ವಿವರ ಬರೆಯುವ ತನಕ ಯುರೋಪಿನವರು ಶತಮಾನದ ಹತ್ತಿರ ಹತ್ತಿರ ಎಲೆ ಹೂ ನೋಡದ ಮರದ ತೊಗಟೆ ಕುಡಿಯುತ್ತಿದ್ದರು. ಸಸ್ಯಶಾಸ್ತ್ರಿ ಲಿನೇಯಸ್ 1742ರಲ್ಲಿ ಈ ಮರಕ್ಕೆ ಚಿಂಚೋನ್ ಎಂಬ ದೊರೆಸಾನಿಯ ಹೆಸರಿಡಲು ಹೋಗಿ ಒಂದಕ್ಷರ ನುಂಗಿದ. ಆ ದೊರೆಸಾನಿಗೆ ಈ ತೊಗಟೆಯಿಂದ ಗುಣವಾಯಿತು ಅನ್ನುವುದೂ ಕಟ್ಟುಕಥೆಯೇ.

ತೆಂಕಣಗಾಳಿ

ಮತ್ತೊಂದು ಕೇಳಲೇ? ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆ ಕಷಾಯ ಕುಡಿಯುತ್ತೇವಲ್ಲ, ಅದೂ ಕಹಿ ತೊಗಟೆ, ಅದೂ ಮಳೆಗಾಲದ ಜ್ವರಕ್ಕೆ ಅಂತಲೇ. ಅದರಲ್ಲೂ ಕ್ವಿನೀನ್ ಇದೆ ಅಂತ ವಾಟ್ಸ್ಯಾಪ್‌ನಲ್ಲಿ ವರ್ಷ ವರ್ಷ ಬರುತ್ತದೆ.

ಮೂಲಿಕೆಸಂತೆ

ಇಲ್ಲ. ಪಾಲೆ, ಅಂದರೆ ಕನ್ನಡದ ಹಾಲೆ ಅಥವಾ ಮದ್ದಾಲೆ, ಸಂಸ್ಕೃತದ ಸಪ್ತಪರ್ಣಿ, ಕಣಗಿಲೆಯ ಕುಟುಂಬದ್ದು. ಸಿಂಕೋನಾ ಕಾಫಿಯ ಕುಟುಂಬದ್ದು. ಪಾಲೆಯಲ್ಲಿರುವ ಕಹಿಸತ್ವಗಳು ಎಕಿಟಮೀನ್ ಮುಂತಾದವು. ಫಿಲಿಪೀನ್ಸ್‌ನಲ್ಲೂ ಇದೇ ಮರದ ತೊಗಟೆಯನ್ನು ದೀಟಾ ಅನ್ನುವ ಹೆಸರಲ್ಲಿ ಜ್ವರಕ್ಕೆ ಕೊಡುತ್ತಿದ್ದರು. ಕ್ವಿನೀನಿಗೆ ಬದಲಿ ಆದೀತೇ ಅಂತ ಪರೀಕ್ಷೆ ಮಾಡಿ ನೋಡಿದರು, ಮಲೇರಿಯಾ ನಿಲ್ಲಿಸುವಷ್ಟು ಬಲ ಕಾಣಲಿಲ್ಲ.

ಆಟಿ ಕಷಾಯದಲ್ಲಿ ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿದ ಬೆಣಚುಕಲ್ಲಿನಿಂದ ಒಗ್ಗರಣೆ ಕೊಡುವುದು ಅದರದೇ ಕ್ರಮ. ಅದರಲ್ಲಿ ನಿಜವಾದ ಅಪಾಯ ಒಂದೇ. ಬೆಳಕು ಹರಿಯುವ ಮುಂಚೆ ಕತ್ತಲಲ್ಲಿ ತೊಗಟೆ ಜಜ್ಜಿ ತರುವಾಗ ಪಾಲೆ ಬದಲು ಕಾಸರಕದ ಮರಕ್ಕೆ ಕೈ ಹಾಕಿದರೆ ಅದು ಸ್ಟ್ರಿಕ್ನಿನ್ ವಿಷ. ಪಾಲೆಯನ್ನು ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ, ಎಲೆ ಒಂದೇ ಗಿಣ್ಣಿನಿಂದ ಸುತ್ತಲೂ ಏಳರ ಆಸುಪಾಸು. ಕಾಸರಕದಲ್ಲಿ ಹಾಲು ಇಲ್ಲ, ಎಲೆ ಎದುರುಬದುರು ಎರಡೆರಡು, ಬುಡದಿಂದ ಮೂರು ಐದು ನರ ಎದ್ದು ಕಾಣುತ್ತವೆ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಹಾಕಿ ಬರುವ ಪದ್ಧತಿ ಇದಕ್ಕೇ.

ನಾಡಿಮಿಡಿತ

ಬದಲಿ ತೊಗಟೆಯ ಮಾತು ಬಂದಿದ್ದಕ್ಕೆ: ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್‌ನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲಿ ರಾಯಲ್ ಸೊಸೈಟಿಗೆ ವಿಲೋ ತೊಗಟೆಯ ಬಗ್ಗೆ ಪತ್ರ ಬರೆದ. ನೆಕ್ಕಿ ನೋಡಿದಾಗ ಪೆರು ತೊಗಟೆಯ ಕಹಿ ನೆನಪಾಯಿತಂತೆ. ಜೌಗಿನಲ್ಲಿ ರೋಗ, ಜೌಗಿನಲ್ಲೇ ಮದ್ದು ಅನ್ನುವ ನಂಬಿಕೆಯೂ ಜೊತೆಗಿತ್ತು. ಒಂದು ಪೌಂಡಿನಷ್ಟು ತೊಗಟೆಯನ್ನು ಬ್ರೆಡ್ ಒಲೆಯ ಹೊರಗೋಡೆಗೆ ಚೀಲದಲ್ಲಿ ತೂಗುಹಾಕಿ ಮೂರು ತಿಂಗಳಿಗೂ ಹೆಚ್ಚು ಒಣಗಿಸಿ ಪುಡಿ ಮಾಡಿದ. 20 ಗ್ರೇನ್‌ನಿಂದ ಶುರುಮಾಡಿ ಡ್ರಾಮ್ ತನಕ ಏರಿಸಿ, ನಾಲ್ಕು ಗಂಟೆಗೊಮ್ಮೆ, ಸುಮಾರು 50 ಜನರಿಗೆ ಕೊಟ್ಟ. ಎರಡು ದಿನ ಬಿಟ್ಟು ಬರುವ ಜ್ವರ ಜಗ್ಗದಿದ್ದಾಗ ಐದನೇ ಒಂದು ಪಾಲು ಪೆರು ತೊಗಟೆ ಬೆರೆಸಿದ. ಅಲ್ಲೇ ಗುಟ್ಟು ಬಯಲು! ವಿಲೋ ಮೈಬಿಸಿ, ನೋವು ಇಳಿಸುತ್ತದೆ, ಪರಾವಲಂಬಿಯನ್ನು ಮುಟ್ಟುವುದಿಲ್ಲ.

1681ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ವಿದ್ವಾಂಸ ಎಲಿಯಾಸ್ ಆಶ್ಮೋಲ್ ಕೊರಳಿಗೆ ಮೂರು ಜೇಡ ಕಟ್ಟಿಕೊಂಡು ಜ್ವರ ಓಡಿಸಿದೆ ಅಂತ ದಿನಚರಿಯಲ್ಲಿ ಬರೆದಿದ್ದಾನೆ. ವೈವಾಕ್ಸ್ ಜ್ವರ ಕೆಲವು ಪಾಳಿ ಕಳೆದ ಮೇಲೆ ತಾನಾಗಿಯೂ ಸುಮ್ಮನಾಗುತ್ತದೆ. ಸುಮ್ಮನಾಗುವ ವಾರದಲ್ಲಿ ಕಟ್ಟಿಕೊಂಡ ಜೇಡಕ್ಕೆ ಕೀರ್ತಿ.

ಹಳೆಪುಟ

ಒಂದು ಉಳಿಯಿತು. ಸಿಡೆನ್‌ಹ್ಯಾಮ್ ಕ್ರಮದಲ್ಲಿ ಸರಿಯಾಗಿ ಕೊಟ್ಟರೂ ಕೆಲವರಿಗೆ ಮುಂದಿನ ವಸಂತದಲ್ಲಿ ಜ್ವರ ಬರುತ್ತಿತ್ತಲ್ಲ, ಅದಕ್ಕೂ ಮದ್ದು ಸಾಲದೇ ಹೋಯಿತು ಅನ್ನಬಹುದೇ?

ರಕ್ತಲೇಪನ

ಅನ್ನುವಂತಿಲ್ಲ. ದಿನ ಬಿಟ್ಟು ಬರುವ ವೈವಾಕ್ಸ್‌ನ ಒಂದು ಪಾಲು ಯಕೃತ್ತಿನಲ್ಲಿ ನಿದ್ದೆಗೆ ಕೂರುತ್ತದೆ. ತಂಪು ದೇಶದ ತಳಿಗಳಲ್ಲಿ ಆ ನಿದ್ದೆ ಎಂಟು ಹತ್ತು ತಿಂಗಳ ತನಕ. ಕ್ವಿನೀನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಯಕೃತ್ತಿನಲ್ಲಿ ಮಲಗಿದ್ದನ್ನು ಮುಟ್ಟುವುದಿಲ್ಲ. ಅದಕ್ಕೆ ಈಗ ಪ್ರಿಮಾಕ್ವೀನ್ 14 ದಿನ ಕೊಡುತ್ತಾರೆ. ಹಾಗಾಗಿ ನಿಮ್ಮ ಬರಹದಲ್ಲಿ ಮರುಕಳಿಕೆಯನ್ನು ಎರಡು ಭಾಗ ಮಾಡಿ: ವಾರಗಳಲ್ಲಿ ಮರಳಿದ್ದು ಪ್ರಮಾಣದ ತಪ್ಪು, ವಸಂತದಲ್ಲಿ ಮರಳಿದ್ದು ಯಾವ ತೊಗಟೆಯಿಂದಲೂ ತಡೆಯಲಾಗದ್ದು. ಆಗಿನವರಿಗೆ ಎರಡೂ ಒಂದೇ ಥರ ಕಂಡದ್ದರಿಂದಲೇ ಜಗಳ ಇಷ್ಟು ವರ್ಷ ಎಳೆಯಿತು.

ಇಟಲಿಯ ಮೊಡೆನಾದ ವೈದ್ಯ ಫ್ರಾಂಚೆಸ್ಕೊ ತೋರ್ತಿ 1712ರಲ್ಲಿ ಒಂದು ಮರದ ಚಿತ್ರ ಬರೆಸಿದ. ತೊಗಟೆ ಕೇಳುವ ಜ್ವರಗಳ ಕೊಂಬೆಗೆ ತೊಗಟೆ ಇದೆ, ಕೇಳದವುಗಳ ಕೊಂಬೆ ಬೋಳು. ಜ್ವರವನ್ನು ರಸದಿಂದ ವಿಂಗಡಿಸುವ ಬದಲು ಮದ್ದಿಗೆ ಬಗ್ಗುತ್ತದೋ ಇಲ್ಲವೋ ಅನ್ನುವುದರಿಂದ ವಿಂಗಡಿಸಿದ್ದು ಅಲ್ಲಿ. ಮಾರಕ ಪಾಳಿ ಜ್ವರದಲ್ಲಿ ಮೊದಲಿಗೇ ದೊಡ್ಡ ಪ್ರಮಾಣ ಕೊಟ್ಟು ಆಮೇಲೆ ಇಳಿಸುತ್ತಾ ಬಾ ಅಂದವನೂ ಅವನೇ.

ನಿರ್ವಾಹಕ

ಒಂದು ಸೂಚನೆ. ಇಲ್ಲಿನ ಅಳತೆಗಳು ಇತಿಹಾಸ ಓದಲಿಕ್ಕೆ, ಮನೆಯಲ್ಲಿ ಮಾಡಲಿಕ್ಕಲ್ಲ. ಸಿಂಕೋನಾ ಪುಡಿಯಲ್ಲಿ ಎಷ್ಟು ಸತ್ವ ಇದೆ ಅಂತ ನೋಡಿ ಹೇಳಲಾಗದು. ಕಿವಿಯಲ್ಲಿ ಗುಂಯ್‌ಗುಡುವುದು, ಕಿವಿ ಮಂದವಾಗುವುದು, ಕಣ್ಣು ಮಸುಕಾಗುವುದು ಕ್ವಿನೀನ್ ಹೆಚ್ಚಾದ ಲಕ್ಷಣ. ಇನ್ನೂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಚಳಿಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ.

ತೊಲಭಾರ

ನಿರ್ವಾಹಕರ ಮಾತಿಗೆ ಒಂದು ಸೇರಿಕೆ. ತೊಗಟೆಯ ನಾಲ್ಕು ಸತ್ವಗಳನ್ನು ಬೇರೆ ಬೇರೆ ಮಾಡಿ ರೋಗಿಗಳ ಮೇಲೆ ಹೋಲಿಸಿ ನೋಡಿದ್ದು ನಮ್ಮ ಪಕ್ಕದಲ್ಲೇ. ನೀಲಗಿರಿಯ ದೊಡ್ಡಬೆಟ್ಟ, ನಡುವಟ್ಟಂನಲ್ಲಿ 1860ರ ದಶಕದಲ್ಲಿ ಸಿಂಕೋನಾ ನೆಟ್ಟ ಮೇಲೆ ಮದರಾಸು ಸರ್ಕಾರ 1866ರಲ್ಲಿ ಒಂದು ಸಮಿತಿ ಮಾಡಿತು. ಸಿಂಕೋನೀನ್ ಸ್ವಲ್ಪ ಹಿಂದೆ, ಉಳಿದ ಮೂರು ಹೆಚ್ಚುಕಮ್ಮಿ ಸಮ ಅಂತ ಅವರ ಫಲಿತಾಂಶ. ಹಾಗಾಗಿ ಹಳೆಪುಟದವರು ಟಿಪ್ಪಣಿ ಬರೆಯುವಾಗ ‘ಎರಡು ಡ್ರಾಮ್‌ನಲ್ಲಿ 140 ಮಿಲಿಗ್ರಾಂ ಕ್ವಿನೀನ್’ ಅಂತ ಮಾತ್ರ ಹಾಕಬೇಡಿ, ಒಟ್ಟು ಕಹಿಸತ್ವದ ಲೆಕ್ಕವನ್ನೂ ಪಕ್ಕದಲ್ಲಿ ಕೊಡಿ. ಮತ್ತೆ ಯಾವ ಔನ್ಸ್ ಅಂತ ದಯವಿಟ್ಟು ಬರೆಯಿರಿ.